ಹತ್ತು ಮನೆ ದಾಟಿದ ಬುಗುರಿ

ಮಕ್ಕಳ ಮಾಸಪತ್ರಿಕೆಯಲ್ಲಿ ಪ್ರತಿ ತಿಂಗಳು ಹೊಸ ಆಟಿಕೆಯೊಂದನ್ನು ಆಡಿ ನೋಡಿ ಅದರ ಗುಣದೋಷ ಬರೆಯುತ್ತಿದ್ದ ‘ಆಟದ ಮಾಮ’ನಿಗೆ ಆಟ ಬರುತ್ತಿರಲಿಲ್ಲ. ಬುಗುರಿ ಬಿಟ್ಟರೆ ಅವನ ಕಾಲಿನ ಮೇಲೇ ಬೀಳುತ್ತಿತ್ತು. ಚೆಂಡು ಎಸೆದರೆ ಹುಡುಕಿಕೊಂಡು ಹೋದಂತೆ ಕಿಟಕಿಯ ಗಾಜಿಗೇ ಹೋಗುತ್ತಿತ್ತು. ಈ ವಿಷಯ ಗೊತ್ತಿದ್ದದ್ದು ಮೂವರಿಗೆ. ಅವನ ತಾಯಿಗೆ, ಹನ್ನೆರಡು ವರ್ಷದ ಮಗಳಿಗೆ, ಮತ್ತು ಹದಿನಾರು ವರ್ಷಗಳಿಂದ ಆ ಆಟಿಕೆಗಳನ್ನೆಲ್ಲ ಅವನ ಬದಲು ಆಡುತ್ತ ಬಂದ ಹೆಂಡತಿಗೆ.

ಹೆಂಡತಿ ಮದುವೆಗೆ ಮುಂಚೆ ಗುಂಡಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವಳು. ಉದ್ದನೆಯ ಮೇಜಿನ ಮೇಲೆ ಅಂಗಿಯ ಗುಂಡಿ, ಕೋಟಿನ ಗುಂಡಿಗಳ ರಾಶಿ ಸುರಿಯುತ್ತಿದ್ದರು. ತೂತು ಓರೆಯಾದದ್ದು, ಅಂಚು ಒರಟಾದದ್ದು, ಕೂದಲೆಳೆಯಷ್ಟು ದಪ್ಪ ಹೆಚ್ಚಾದದ್ದು ಯಾವುದೇ ಇರಲಿ, ಅವಳು ಕಣ್ಣು ಹಾಯಿಸದೆ ಬೆರಳಲ್ಲೇ ತಿಳಿದು ಪಕ್ಕಕ್ಕೆ ತಳ್ಳುತ್ತಿದ್ದಳು. ಜೊತೆಯ ಹೆಂಗಸರು ಅವಳನ್ನು ‘ಮೀಟರಕ್ಕ’ ಎಂದು ಕರೆಯುತ್ತಿದ್ದರು. ಮದುವೆಯಾದ ವಾರದಲ್ಲೇ ಅತ್ತೆ, “ಗುಂಡಿ ಕಿತ್ತುಹೋಗಿರೋ ಅಂಗಿ ನಮ್ಮನೇಲೇ ಬೇಕಾದಷ್ಟಿವೆಯಮ್ಮ. ಅಷ್ಟು ದೂರ ಯಾಕೆ ಹೋಗ್ತೀಯ?” ಎಂದರು. ಮೀಟರಕ್ಕನ ಕೆಲಸ ಅಲ್ಲಿಗೆ ಮುಗಿಯಿತು. ಹೆಸರೂ ಕಾರ್ಖಾನೆಯಲ್ಲೇ ಉಳಿಯಿತು.

ಗಂಡ ವಿಮಾ ಕಚೇರಿಯಲ್ಲಿ ಗುಮಾಸ್ತ. ಆಟಿಕೆಯ ಅಂಕಣ ಅವನ ಹವ್ಯಾಸ. ಮೊದಮೊದಲು ಡಬ್ಬದ ಮೇಲೆ ಅಚ್ಚಾದದ್ದನ್ನು ಓದಿಕೊಂಡೇ ಬರೆದುಬಿಡುತ್ತಿದ್ದ. ಅವನು ಹೊಗಳಿದ್ದ ರೈಲಿನ ಚಕ್ರ ಎರಡನೇ ದಿನ ಕಳಚಿ ಬಂತೆಂದು ಮೂವರು ತಾಯಂದಿರು ಪತ್ರಿಕೆಗೆ ಬರೆದರು. ಇನ್ನೊಂದು ಇಂಥ ಕಾಗದ ಬಂದರೆ ಅಂಕಣ ನಿಲ್ಲಿಸುವುದಾಗಿ ಸಂಪಾದಕಿ ಹೇಳಿದಾಗ ಅವನು ಮುಖ ಜೋಲುಹಾಕಿಕೊಂಡು ಮನೆಗೆ ಬಂದ. ಕೈಯಲ್ಲಿ ಮುಂದಿನ ತಿಂಗಳ ಆಟಿಕೆ, ಒಂದು ತಗಡಿನ ಕಪ್ಪೆ. ಅವಳು ಕಪ್ಪೆಯನ್ನು ತಿರುಗಿಸಿ, ಹೊಟ್ಟೆಯ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, “ಇದು ಕುಯ್ಯತ್ತೆ ರೀ” ಎಂದಳು. ಅಲ್ಲಿಂದ ಶುರುವಾಯಿತು.

ಅವಳ ಪರೀಕ್ಷೆಗೆ ಹದಿನಾಲ್ಕು ದಿನ. ಅದರಲ್ಲಿ ಮೂರು ಭಾಗ. ಬಾಯಿ, ಕಾಲು, ಬೇಸರ. ಬಾಯಿ ಎಂದರೆ ಹುಳಿನೀರಲ್ಲಿ ನೆನೆಹಾಕಿ ಬಣ್ಣ ಬಿಡುತ್ತದೆಯೇ ನೋಡುವುದು. ಕಾಲು ಎಂದರೆ ತುಳಿಯುವುದು, ಮೂರನೇ ಮಹಡಿಯ ಮೆಟ್ಟಿಲಿನಿಂದ ಬೀಳಿಸುವುದು. ಬೇಸರ ಎಂದರೆ ಮಗಳು ಅದನ್ನು ಎಷ್ಟನೇ ದಿನ ಮಂಚದ ಕೆಳಗೆ ಒದೆಯುತ್ತಾಳೆಂದು ಗುರುತು ಮಾಡುವುದು. ಎಲ್ಲವೂ ಉದ್ದನೆಯ ನೋಟುಪುಸ್ತಕದಲ್ಲಿ ದಾಖಲಾಗುತ್ತಿತ್ತು. ಕೈಯಾರೆ ಮಾಡದ್ದನ್ನು ಅದರಲ್ಲಿ ಬರೆಯಬಾರದೆಂಬುದು ಅವಳೇ ಹಾಕಿಕೊಂಡ ಕಟ್ಟುಪಾಡು. “ಕಪ್ಪೆಯ ಕಣ್ಣು ಎಂಟನೇ ದಿನ ಸಡಿಲ. ಸೂಜಿ ತಾಗಿಸಿದರೆ ಎದ್ದು ಬರುತ್ತದೆ” ಎಂದು ಅವಳು ಬರೆದದ್ದು ಅವನ ಕೈಗೆ ಹೋಗಿ, “ಮಕ್ಕಳೇ, ನಮ್ಮ ಕಪ್ಪೆರಾಯರಿಗೆ ಎಂಟೇ ದಿನದಲ್ಲಿ ಕಣ್ಣಿನ ಡಾಕ್ಟರು ಬೇಕಾದರು!” ಎಂದಾಗುತ್ತಿತ್ತು. ಅದನ್ನು ಓದಿ ಅವಳೂ ನಗುತ್ತಿದ್ದಳು. ಬರವಣಿಗೆ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಅದರಲ್ಲಿ ಅವಳಿಗೆ ತಕರಾರಿರಲಿಲ್ಲ. ಅಂಕಣದ ತಲೆಯ ಮೇಲೆ ಅವನ ಮೀಸೆಯ ಚಿತ್ರ, ಅದರ ಕೆಳಗೆ ‘ಆಡಿ ನೋಡಿದವರು: ಆಟದ ಮಾಮ’ ಎಂದಿರುತ್ತಿತ್ತು.

ಉಗುರುಬುಗುರಿ ಬಂದದ್ದು ಹದಿನಾರನೇ ವರ್ಷದ ನಡುವಿನಲ್ಲಿ. ಅದರ ಹೆಸರನ್ನು ಯಾರೂ ಕೇಳಿರಲಿಲ್ಲ. ಅಣ್ಣ ತಮ್ಮ ಇಬ್ಬರೇ ಸೇರಿ ಒಂದು ಶೆಡ್ಡಿನಲ್ಲಿ ಮಾಡುತ್ತಿದ್ದ ಸಾಮಾನು. ಕಡಲೆಬೀಜಕ್ಕಿಂತ ಸ್ವಲ್ಪ ದೊಡ್ಡದು. ಮರದ ಒಡಲು, ಹಿತ್ತಾಳೆಯ ಮೊಳೆ, ನೆತ್ತಿಯ ಮೇಲೆ ಒಂದೊಂದಕ್ಕೆ ಒಂದೊಂದು ಪ್ರಾಣಿಯ ಮುಖ. ಒಟ್ಟು ಮೂವತ್ತಾರು ಪ್ರಾಣಿ. ಅಂಟಿಸಿದ ಕಾಗದದ ಚೀಲದಲ್ಲಿ ಬರುತ್ತಿದ್ದುದರಿಂದ ಒಡೆದು ನೋಡುವವರೆಗೆ ಒಳಗೆ ಯಾವ ಪ್ರಾಣಿ ಇದೆಯೋ ಗೊತ್ತಾಗುತ್ತಿರಲಿಲ್ಲ. ಆಮೆ ಬೇಕಾದಷ್ಟು ಸಿಗುತ್ತಿತ್ತು, ಬಸವನಹುಳು ನೂರರಲ್ಲಿ ಒಂದು. ಮಕ್ಕಳು ಕೂಡಿಡಲಿ, ಬದಲಾಯಿಸಿಕೊಳ್ಳಲಿ ಎಂಬ ಉಪಾಯ. ಆದರೆ ಕೂಡಿಡುವುದಷ್ಟೇ ಆಟವಲ್ಲ. ಮೇಜಿನ ಮೇಲೆ ಎರಡು ಬೆರಳಲ್ಲಿ ತಿರುಗಿಸಿ, ಮೊಳೆಯ ಕೆಳಗೆ ಮೆಲ್ಲಗೆ ಉಗುರು ತೂರಿಸಿ ಎತ್ತಿಕೊಳ್ಳಬೇಕು. ಬುಗುರಿ ಉಗುರಿನ ಮೇಲೆ ತಿರುಗುತ್ತಿರುವಾಗಲೇ ಪಕ್ಕದ ಬೆರಳಿನ ಉಗುರು ತಾಗಿಸಿ ಅದಕ್ಕೆ ದಾಟಿಸಬೇಕು. ಒಂದೊಂದು ಉಗುರು ಒಂದೊಂದು ಮನೆ. ಜೊತೆಗಿದ್ದ ಚೀಟಿಯಲ್ಲಿ, ‘ಐದು ಮನೆ ದಾಟಿದರೆ ಶೂರ, ಎಂಟು ದಾಟಿದರೆ ವೀರ. ಕಿರುಬೆರಳಿನಲ್ಲಿ ಇದು ನಿಲ್ಲುವುದಿಲ್ಲ’ ಎಂದಿತ್ತು.

ಅವಳು ಅಡುಗೆಮನೆಯ ಕಟ್ಟೆಯ ಮೇಲೆ ಆಡಿದಳು. ಹಾಲು ಕಾಯುವಷ್ಟರಲ್ಲಿ, ಬಟ್ಟೆ ಯಂತ್ರದ ಕೊನೆಯ ಸುತ್ತು ಮುಗಿಯುವಷ್ಟರಲ್ಲಿ, ಅತ್ತೆಯ ಬಿಸಿನೀರಿನ ಚೀಲ ತುಂಬುವಷ್ಟರಲ್ಲಿ. ಹದಿನಾರು ವರ್ಷದಲ್ಲಿ ಒಂದು ಆಟಿಕೆಯನ್ನೂ ಅವಳು ಕುರ್ಚಿಯಲ್ಲಿ ಕೂತು ಆಡಿದ್ದಿಲ್ಲ. ಮೊದಲ ದಿನವೇ ನಾಲ್ಕು ಮನೆ, ಐದನೇ ದಿನ ಎಂಟು. ಬುಗುರಿ ಉಗುರಿನ ಮೇಲೆ ಹೋಗಿ ಕೂರುತ್ತಿತ್ತು, ತನ್ನ ಜಾಗ ತನಗೆ ಗೊತ್ತಿದ್ದಂತೆ. ಒಂಬತ್ತನೇ ದಿನ ಅದು ಎಡಗೈಯ ಕಿರುಬೆರಳಿನಿಂದ ಹೊರಟು, ಎರಡು ಹೆಬ್ಬೆರಳು ಕೂಡಿಸಿದ ಸೇತುವೆ ದಾಟಿ, ಬಲಗೈಯ ಕಿರುಬೆರಳಿನಲ್ಲಿ ಬಂದು ನಿಂತಿತು. ಹತ್ತು ಮನೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಹರಿಯಿತು.

“ಏನಮ್ಮಾ ಅದು ಸುಟ್ಟ ವಾಸನೆ?” ಎಂದು ಒಳಗಿನಿಂದ ಅತ್ತೆ ಕೂಗಿದರು.

“ಹಾಲು ಅತ್ತೆ.”

“ಹಾಲಿನ ಮುಂದೆ ನಿಂತ್ಕೊಂಡೇ ಹಾಲು ಉಕ್ಕಿಸ್ತಾಳಪ್ಪ ಇವಳು.”

ಮಗಳು ಶಾಲೆಯಿಂದ ಬಂದು ಆಡಿದಳು. ನಾಲ್ಕು ಮನೆಯಾದ ಮೇಲೆ ಬುಗುರಿ ಜಾರಿತು. ಮತ್ತೆ ಆಡಿದಳು, ಮತ್ತೆ ಜಾರಿತು. ಆಮೇಲೆ ತಾಯಿಯ ಕೈಯನ್ನು ಎಳೆದುಕೊಂಡು ನೋಡಿ, “ಮೋಸ! ನಿನ್ನ ಉಗುರು ಚಮಚದ ಥರ ಇದೆ ಅಮ್ಮ. ನಂದು ಛತ್ರಿ ಥರ. ಛತ್ರಿ ಮೇಲೆ ಯಾವ ಬುಗುರಿ ನಿಲ್ಲತ್ತೆ?” ಎಂದಳು.

ಅವಳು ತನ್ನ ಉಗುರುಗಳನ್ನು ಆ ಮೊದಲು ನೋಡಿಕೊಂಡಿರಲಿಲ್ಲ ಎಂದಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಸವೆದಿರಬೇಕು ಅಂದುಕೊಂಡಿದ್ದಳು. ಈಗ ಹತ್ತನ್ನೂ ಬೆಳಕಿಗೆ ಹಿಡಿದಳು. ಎಲ್ಲದರ ನಡುವೆಯೂ ತಗ್ಗು, ಒಂದು ಹನಿ ನೀರು ಹಾಕಿದರೆ ನಿಲ್ಲುವಷ್ಟು. ಎದುರು ಮನೆಯ ಮೂವರು ಮಕ್ಕಳನ್ನು ಕರೆದು ಆಡಿಸಿದಳು. ಯಾರೂ ಐದು ದಾಟಲಿಲ್ಲ. ನೋಟುಪುಸ್ತಕದಲ್ಲಿ ಬರೆದಳು: “ಮರ, ಬಣ್ಣ, ಮೊಳೆ ಎಲ್ಲ ಒಳ್ಳೆಯದು. ಬೇಸರ ಬರುವುದಿಲ್ಲ. ಆದರೆ ನನ್ನ ಉಗುರಿನಲ್ಲಿ ತಗ್ಗಿದೆ, ಅದಕ್ಕೇ ಕೂರುತ್ತದೆ. ಮಕ್ಕಳ ಉಗುರು ಉಬ್ಬು, ಜಾರುತ್ತದೆ. ಹತ್ತು ಮನೆ ಎಲ್ಲರಿಗೂ ಆಗುವ ಮಾತಲ್ಲ. ಬರೆಯಲೇಬೇಕು.” ಕೊನೆಯ ಮಾತಿನ ಕೆಳಗೆ ಎರಡು ಗೆರೆ ಎಳೆದಳು.

ಗಂಡ ಓದಿ, “ಉಗುರಿನ ವಿಷಯ ಯಾರಿಗೆ ಬೇಕು? ಓದೋರಿಗೆ ಹೇಸಿಗೆಯಾಗತ್ತೆ” ಎಂದ. ಪತ್ರಿಕೆಯಲ್ಲಿ ಬಂದದ್ದು ಹೀಗೆ: “ಮಕ್ಕಳೇ, ಚೀಟಿಯಲ್ಲಿ ಎಂಟೇ ಅಂದಿದ್ದರು. ನಿಮ್ಮ ಮಾಮ ಬಿಡುತ್ತಾನೆಯೇ? ಹತ್ತು ಮನೆ ದಾಟಿಸಿದ! ಹದಿನೈದು ದಿನ ಹಟ ಹಿಡಿದು ಆಡಿ. ನಿಮಗೂ ಬಂದೇ ಬರುತ್ತದೆ.”

ಸಂಪಾದಕಿ ನಂಬಲಿಲ್ಲ. ವಿಡಿಯೋ ಕಳಿಸಿ, ಪತ್ರಿಕೆಯ ಜಾಲತಾಣದಲ್ಲಿ ಹಾಕೋಣ ಎಂದಳು. ಒಂದು ಭಾನುವಾರ ಬೆಳಿಗ್ಗೆ ಊಟದ ಮೇಜನ್ನು ಕಿಟಕಿಯ ಹತ್ತಿರ ಎಳೆದರು. ಅವಳು ಗಂಡನ ತುಂಬು ತೋಳಿನ ಅಂಗಿ ಹಾಕಿಕೊಂಡು ಮುಂಗೈಯ ಗುಂಡಿ ಹಾಕಿದಳು. ಗಂಡ ತನ್ನ ಕೈಗಡಿಯಾರವನ್ನು ಬಿಚ್ಚಿ ಅವಳ ಮಣಿಕಟ್ಟಿಗೆ ಕಟ್ಟಿದ. ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ಗಡಿಯಾರ ಸುತ್ತಿಕೊಂಡು ಕೆಳಗೆ ಹೋಗುತ್ತಿತ್ತು. ಒಳಗೆ ಹತ್ತಿ ತುರುಕಿದರು. ನಾಲ್ಕು ವರ್ಷದ ಹಿಂದೆ ಸೋಪು ಹಚ್ಚಿದರೂ ಬಾರದ ಮದುವೆಯ ಉಂಗುರ, ಅವಳು ಕೈ ಕೊಡವಿದ ಕೂಡಲೇ ಮೇಜಿನ ಮೇಲೆ ಬಿತ್ತು. ಮಗಳು ಕೈಗಳಷ್ಟೇ ಕಾಣುವಂತೆ ಫೋನು ಹಿಡಿದಳು. ಗಂಡ ಪಕ್ಕದಲ್ಲಿ ನಿಂತು, “ನೋಡಿ ಮಕ್ಕಳೇ, ಮಾಮನ ಕೈಚಳಕ! ಇಗೋ ಮೂರನೇ ಮನೆ...” ಎಂದು ದನಿ ಕೊಟ್ಟ. ಅತ್ತೆ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿದರು. ಮುಗಿದ ಮೇಲೆ, “ನನ್ನ ಮಗನ ಕೈ ಚಿಕ್ಕಂದಿನಿಂದಲೂ ಹೀಗೇ, ಬಲು ನಾಜೂಕು” ಎಂದರು. ತಮಾಷೆಗೇ ಹೇಳಿದರೆಂದು ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ.

ವಿಡಿಯೋ ಊರೂರು ಸುತ್ತಿತು. ಅಂಗಡಿಗಳಲ್ಲಿ ಉಗುರುಬುಗುರಿ ಖಾಲಿಯಾಯಿತು. ಶೆಡ್ಡಿನ ಅಣ್ಣತಮ್ಮಂದಿರು ಮೂವತ್ತೇಳನೆಯ ಬುಗುರಿ ಮಾಡಿದರು. ಅದರ ನೆತ್ತಿಯ ಮೇಲೆ ಪ್ರಾಣಿಯಲ್ಲ, ಮೀಸೆಯ ಮಾಮ. ಬಸವನಹುಳುವಿಗಿಂತ ಅದೇ ಅಪರೂಪವಾಯಿತು. ಗಂಡ ಒಂದನ್ನು ಕಚೇರಿಯ ಮೇಜಿನ ಮೇಲೆ ಇಟ್ಟುಕೊಂಡ. ತಿರುಗಿಸಲಿಲ್ಲ.

ಆ ತಿಂಗಳ ಕೊನೆಗೆ ಪತ್ರಿಕೆಯಿಂದ ಕಳಿಸಿದ ಕಾಗದಗಳ ಕಟ್ಟಿನಲ್ಲಿ ಒಬ್ಬ ಡಾಕ್ಟರದ್ದೂ ಇತ್ತು. “ಮಾಮನವರೇ, ನನ್ನ ಮೊಮ್ಮಗಳು ನಿಮ್ಮ ವಿಡಿಯೋ ತೋರಿಸಿದಳು. ನಿಮ್ಮ ಆಟಕ್ಕಿಂತ ನಿಮ್ಮ ಉಗುರು ನನ್ನ ಕಣ್ಣಿಗೆ ಬಿತ್ತು. ಉಗುರು ಹೀಗೆ ಚಮಚದಂತೆ ತಗ್ಗಾಗುವುದು ರಕ್ತದಲ್ಲಿ ಕಬ್ಬಿಣದ ಅಂಶ ಬಹಳ ಕಾಲದಿಂದ ಕಡಿಮೆಯಿದ್ದಾಗ. ಏದುಸಿರು, ತಲೆಸುತ್ತು, ಐಸು ಜಗಿಯುವ ಚಪಲ ಇದ್ದರಂತೂ ತಡ ಮಾಡಬೇಡಿ. ಇವತ್ತೇ ರಕ್ತ ಪರೀಕ್ಷೆ ಮಾಡಿಸಿ.”

ಗಂಡ ಕಾಗದವನ್ನು ಗಟ್ಟಿಯಾಗಿ ಓದುತ್ತ ಹೋಗಿ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ದನಿ ಇಳಿಸಿದ. ಅವನ ಮುಖ ಬಿಳಿಚಿಕೊಂಡಿತು.

“ಅಮ್ಮಾ,” ಎಂದ, “ನನಗೆ ಮೊನ್ನೆ ಬಸ್ಸಿಂದ ಇಳಿಯೋವಾಗ ಒಂಥರಾ ತಲೆ ತಿರುಗಿತ್ತು.”

“ಅಯ್ಯೋ ನನ್ನಪ್ಪ! ನಾನು ಹೇಳ್ತಾನೇ ಇದೀನಿ, ಕಚೇರಿ, ಬರವಣಿಗೆ ಅಂತ ರಕ್ತ ಬಸೀತಿದೀಯ ಅಂತ. ಕೇಳಿದ್ಯಾ ನೀನು?”

ಅವಳು ಬಟ್ಟೆ ಮಡಿಸುತ್ತ ಅಲ್ಲೇ ನಿಂತಿದ್ದಳು. ಈಗ ನಗುತ್ತಾರೆ, ಈಗ ನಗುತ್ತಾರೆ ಎಂದು ಕಾದಳು. ಯಾರೂ ನಗಲಿಲ್ಲ. ಕಾಗದದ ಮೇಲೆ ಅವನ ಹೆಸರಿತ್ತು. ಹದಿನಾರು ವರ್ಷ ಅವಳ ಕೈಗೆ ತನ್ನ ಹೆಸರು ಇಟ್ಟುಕೊಂಡು ಬಂದವನಿಗೆ, ಆ ಕೈ ಯಾರದೆಂಬುದು ನಿಜವಾಗಿಯೂ ಮರೆತುಹೋಗಿತ್ತು. ನಾಟಕವಾಗಿದ್ದರೆ ಅವಳಿಗೆ ಸಿಟ್ಟಾದರೂ ಬರುತ್ತಿತ್ತು.

ಮರುದಿನ ಗಂಡ ರಜೆ ಹಾಕಿ ರಕ್ತ ಕೊಟ್ಟು ಬಂದ. ಇರುವ ಪರೀಕ್ಷೆಯನ್ನೆಲ್ಲ ಮಾಡಿಸಿದ್ದರಿಂದ ಫಲಿತಾಂಶಕ್ಕೆ ಎರಡು ದಿನ. ಆ ಎರಡು ದಿನ ಅತ್ತೆ ಕುರ್ಚಿಯಲ್ಲೇ ಕೂತು ಅಡುಗೆಮನೆ ನಡೆಸಿದರು. ಖರ್ಜೂರ ತರಿಸಿದರು, ದಾಳಿಂಬೆ ಸುಲಿಸಿದರು, ದಿನಕ್ಕೆ ಮೂರು ಹೊತ್ತು ಬೀಟ್‌ರೂಟ್ ರಸ ಹಿಂಡಿಸಿದರು. ತುರಿದವಳು ಅವಳು, ಬಟ್ಟೆಯಲ್ಲಿ ಕಟ್ಟಿ ಹಿಂಡಿದವಳು ಅವಳು. ಕೈ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ಲೋಟ ಒಳಗೆ ಹೋದ ಮೇಲೆ ಬಟ್ಟೆಯಲ್ಲಿ ಉಳಿದ ಸಿಪ್ಪೆಯಂಥ ತುರಿಯನ್ನು ಚೆಲ್ಲಲು ಮನಸ್ಸಾಗದೆ ನಿಂತಲ್ಲೇ ತಿಂದಳು. ಮೂರನೇ ದಿನ ಗಂಡ ಶಿಳ್ಳೆ ಹಾಕುತ್ತ ಮೆಟ್ಟಿಲು ಹತ್ತಿ ಬಂದ. ಹಿಮೋಗ್ಲೋಬಿನ್ ಹದಿನೈದೂವರೆ. ಕುದುರೆಯ ರಕ್ತ ಎಂದರಂತೆ. “ಆ ಡಾಕ್ಟರಿಗೆ ಕನ್ನಡಕ ಬದಲಾಯಿಸ್ಬೇಕು ಅಂತ ಬರೀತೀನಿ,” ಎಂದು ಕೂತು ಬರೆದೇಬಿಟ್ಟ. ‘ಮಾಮನ ರಕ್ತ ಹೀರಿದ ಸೊಳ್ಳೆ ಡಾಕ್ಟರು’ ಎಂಬ ಆ ಬರಹ ಮುಂದಿನ ಸಂಚಿಕೆಗೆ ಹೋಯಿತು. ಅದು ಬಹಳ ತಮಾಷೆಯಾಗಿತ್ತೆಂದು ಒಪ್ಪಲೇಬೇಕು.

ಡಾಕ್ಟರ ಕಾಗದ ಫ್ರಿಜ್ಜಿನ ಮೇಲೆ ಉಳಿದಿತ್ತು. ಅವಳು ಅದನ್ನು ಮತ್ತೊಮ್ಮೆ ಓದಿಕೊಂಡಳು. ಐಸಿನ ಮಾತಿಗೆ ಬಂದಾಗ ಬಾಯಲ್ಲಿದ್ದ ಐಸಿನ ತುಂಡನ್ನು ಜಗಿಯುವುದು ನಿಲ್ಲಿಸಿದಳು.

ರಕ್ತ ಪರೀಕ್ಷೆಯ ಅಂಗಡಿ ಎರಡು ಬೀದಿ ಆಚೆ. ತರಕಾರಿಗೆಂದು ಹೊರಟವಳು ಅಲ್ಲಿಗೆ ಹೋದಳು. ಮಧ್ಯಾಹ್ನ ಫಲಿತಾಂಶ ತೆಗೆದುಕೊಳ್ಳಲು ಹೋದಾಗ ಅಲ್ಲಿಯ ಹುಡುಗಿ ಕಾಗದ ನೋಡಿ, ಅವಳ ಮುಖ ನೋಡಿದಳು.

“ಜೊತೇಲಿ ಯಾರು ಬಂದಿದಾರೆ ಅಕ್ಕ?”

“ಯಾರೂ ಇಲ್ಲ.”

“ಹೇಗೆ ಬಂದ್ರಿ?”

“ನಡ್ಕೊಂಡು.”

“ಆರೂ ಮುಕ್ಕಾಲು ಇದೆ. ಇಷ್ಟಿದ್ರೆ ಎದ್ದು ಓಡಾಡೋ ಹಾಗಿಲ್ಲ, ಮಲಗಿರ್ಬೇಕು.”

“ಮಲಗೋಕೆ ಯಾರು ಬಿಟ್ರಮ್ಮ? ಬಟ್ಟೆ ನೆನೆಹಾಕಿ ಬಂದಿದೀನಿ,” ಎಂದಳು ಅವಳು. ಹುಡುಗಿ ನಗಬೇಕೋ ಬೇಡವೋ ತಿಳಿಯದೆ ಕುಡಿಯಲು ನೀರು ಕೊಟ್ಟು, ಇವತ್ತೇ ಡಾಕ್ಟರನ್ನು ನೋಡಿ ಎಂದು ಪಕ್ಕದ ಬಾಗಿಲು ತೋರಿಸಿದಳು. ಅಲ್ಲಿಯ ಡಾಕ್ಟರಮ್ಮ ಗುಳಿಗೆ ಬರೆದುಕೊಟ್ಟು, ಆರು ತಿಂಗಳು ಬಿಡದೆ ನುಂಗಬೇಕು ಎಂದರು. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಉಗುರು?”

“ಬುಡದಿಂದ ಹೊಸದಾಗಿ ಸರಿಯಾಗೇ ಬೆಳೆಯತ್ತೆ. ಈ ತಗ್ಗೆಲ್ಲ ಹೋಗತ್ತೆ, ಯೋಚನೆ ಮಾಡ್ಬೇಡಿ.”

ಮನೆಗೆ ಬಂದರೆ ಮಕ್ಕಳ ಕಾಗದಗಳ ಇನ್ನೊಂದು ಕಟ್ಟು ಬಂದಿತ್ತು. ಅವನ್ನು ಒಡೆದು, ಓದಿ, ಉತ್ತರ ಬೇಕಾದ್ದನ್ನು ಬೇರೆ ಇಡುವುದೂ ಅವಳ ಕೆಲಸವೇ. ನನಗೆ ಆರೇ ಮನೆ ಬರುತ್ತದೆ, ನನಗೆ ಐದೇ, ನಾನು ದಡ್ಡನೇ ಮಾಮ ಎಂದು ಬಹಳ ಜನ ಬರೆದಿದ್ದರು. ಹನ್ನೊಂದು ವರ್ಷದ ಒಬ್ಬ ಹುಡುಗಿ ಪೆನ್ಸಿಲಿನಲ್ಲಿ ಬರೆದಿದ್ದಳು: “ವಿಡಿಯೋ ನಿಲ್ಲಿಸಿ ನಿಲ್ಲಿಸಿ ನೋಡಿದೆ. ಗುಟ್ಟು ಗೊತ್ತಾಯಿತು. ನಿಮ್ಮ ಉಗುರಲ್ಲಿ ಗುಳಿ ಇದೆ. ನಾನೂ ಸ್ಯಾಂಡ್‌ಪೇಪರಿನಿಂದ ಉಗುರು ತಿಕ್ಕುತ್ತಿದ್ದೇನೆ. ಎರಡು ಹೆಬ್ಬೆರಳು ಆಯಿತು, ರಕ್ತ ಬಂತು. ಇನ್ನೂ ಎಷ್ಟು ತಿಕ್ಕಬೇಕು ಮಾಮ?”

ಅವಳು ಆ ಕಾಗದ, ತನ್ನ ರಕ್ತದ ಕಾಗದ, ಎರಡು ಗೆರೆ ಎಳೆದಿದ್ದ ನೋಟುಪುಸ್ತಕದ ಪುಟ, ಮೂರನ್ನೂ ಊಟದ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟಳು. ಗಂಡ ಕಚೇರಿಯಿಂದ ಬಂದು ಬೂಟು ಬಿಚ್ಚುವ ಮುಂಚೆಯೇ ಅವನ್ನು ತೋರಿಸಿದಳು. ಅವನು ಓದಿದ. ರಕ್ತದ ಕಾಗದವನ್ನು ಎರಡು ಸಲ ಓದಿದ.

“ಇಷ್ಟು ಕಮ್ಮಿ ಇದೆಯಾ? ಹೇಳ್ಬಾರ್ದಾ ನೀನು?”

“ಡಾಕ್ಟರು ಹೇಳಿದ್ರಲ್ಲ. ನೀವೇ ಗಟ್ಟಿಯಾಗಿ ಓದಿದ್ರಿ.”

ಅವನು ಬೂಟಿನ ಲಾಡಿಯ ಕಡೆ ಬಗ್ಗಿದ.

“ಪತ್ರಿಕೇಲಿ ಬರೀರಿ,” ಎಂದಳು. “ಹತ್ತು ಮನೆ ಆಟದ ಚಳಕ ಅಲ್ಲ, ಕಾಯಿಲೆ ಉಗುರಿಂದು. ಆ ಕೈ ನನ್ನದು. ಈ ಎರಡು ಮಾತು ಸಾಕು. ಮಕ್ಕಳು ಉಗುರು ಕೆರ್ಕೊಳ್ತಿದಾರೆ ರೀ.”

“ಮೊದಲ್ನೇ ಮಾತು ಹೇಗಾದ್ರೂ ಬರೀಬಹುದು. ಎರಡ್ನೇದು ಬರೆದ್ರೆ ಹದಿನಾರು ವರ್ಷ ಮಾಮ ಸುಳ್ಳು ಹೇಳಿದ ಅಂತಾಗಲ್ವೇನೇ? ಮಕ್ಕಳ ನಂಬಿಕೆ ಏನಾಗ್ಬೇಕು?”

“ಎರಡ್ನೇದು ಬಿಟ್ಟು ಮೊದಲ್ನೇದು ಹೇಗೆ ಬರೀತೀರ? ನಿಮ್ಮ ರಕ್ತ ಹದಿನೈದೂವರೆ ಅಂತ ಆಗ್ಲೇ ಅಚ್ಚಿಗೆ ಕಳಿಸಿದೀರಲ್ಲ.”

ಅವನು ತಾಯಿಯ ಕಡೆ ನೋಡಿದ. ಉತ್ತರ ಅತ್ತೆ ಕೊಟ್ಟರು. “ಮನೆ ಕೆಲಸ ಎಲ್ಲಾರೂ ಮಾಡ್ತಾರೆ ಕಣಮ್ಮ. ಉಗುರಿಗೂ ಒಂದು ಹೆಸರು ಬೇಕು ಅಂತ ಯಾರೂ ಕೇಳಿದ್ದು ನಾ ಕಾಣೆ.”

“ಅಜ್ಜಿ, ವಿಡಿಯೋ ತೆಗ್ದಿದ್ದು ನಾನು. ಕೈ ಅಮ್ಮಂದೇ,” ಎಂದಳು ಮಗಳು.

“ದೊಡ್ಡೋರ ಮಧ್ಯೆ ನೀನು ಬಾಯಿ ಹಾಕ್ಬೇಡ,” ಎಂದ ಗಂಡ.

ಅವಳು ಸಂಪಾದಕಿಗೆ ತಾನೇ ಬರೆದಳು. ಹದಿನಾರು ವರ್ಷದಲ್ಲಿ ಪತ್ರಿಕೆಗೆ ಅವಳು ತನ್ನ ಹೆಸರಲ್ಲಿ ಬರೆದ ಮೊದಲ ಕಾಗದ ಅದು. ನೋಟುಪುಸ್ತಕದ ಪುಟದ ನಕಲನ್ನೂ ರಕ್ತದ ಕಾಗದದ ನಕಲನ್ನೂ ಜೊತೆಗಿಟ್ಟಳು. ಸಂಪಾದಕಿ ಫೋನು ಮಾಡಿದಳು. ಕೆಟ್ಟವಳಲ್ಲ, ದನಿಯಲ್ಲಿ ಸುಸ್ತಿತ್ತು.

“ನನಗೆ ಅನುಮಾನ ಇತ್ತು,” ಎಂದಳು. “ಗಂಡಸು ಆಡಿ ನೋಡಿದ್ದಿದ್ರೆ ಹುಳಿನೀರಲ್ಲಿ ನೆನೆಹಾಕೋದೆಲ್ಲ ಹೊಳೀತಿರಲಿಲ್ಲ. ನಿಮ್ಮ ಕಷ್ಟ ಅರ್ಥ ಆಗತ್ತೆ. ಆದ್ರೆ ಮಾಮ ಈಗ ಬುಗುರಿ ಮೇಲೆ ಕೂತಿದಾರೆ, ಇಳಿಸೋದು ಹೇಗೆ? ಆ ಸೊಳ್ಳೆ ಡಾಕ್ಟರ ಬರಹ ತಡೆಹಿಡೀತೀನಿ. ಎಚ್ಚರಿಕೆ ಅಂತ ಒಂದು ಸಾಲು ಹಾಕ್ತೀನಿ. ಮನೆ ಒಳಗಿನ ಮಾತು ಒಳಗೇ ಇರಲಿ, ಅಲ್ವಾ?”

ಆ ಸಾಲು ಮುಂದಿನ ಸಂಚಿಕೆಯ ಕೊನೆಯ ಪುಟದಲ್ಲಿ, ಚುಕ್ಕಿ ಸೇರಿಸಿ ಆನೆ ಬಿಡಿಸುವ ಚಿತ್ರದ ಕೆಳಗೆ ಬಂತು. “ಎಲ್ಲರ ಉಗುರಿನಲ್ಲೂ ಹತ್ತು ಮನೆ ಸಾಧ್ಯವಾಗದಿರಬಹುದು. ಉಗುರಿಗೆ ಗಾಯ ಮಾಡಿಕೊಳ್ಳಬೇಡಿ. ಇಂತಿ, ಆಟದ ಮಾಮ.”

ಅದೇ ವಾರ ಗಂಡ ಅವಳಿಗೆ ತಾನೇ ಗುಳಿಗೆ ತಂದುಕೊಟ್ಟ. ನೀರಿನ ಲೋಟವನ್ನೂ ತಂದು ಮೇಜಿನ ಮೇಲಿಟ್ಟ. ಆಮೇಲೆ ಅಲ್ಲೇ ನಿಂತು ಕುರ್ಚಿಯ ಬೆನ್ನು ಸವರುತ್ತ, “ಬೇಜಾರು ಮಾಡ್ಕೋಬೇಡ. ಬುಗುರಿಯವರು ಇನ್ನೊಂದು ವಿಡಿಯೋ ಕೇಳ್ತಿದಾರೆ. ಮುಂದಿನ ತಿಂಗಳು. ಗುಳಿಗೆ ತಗೊಂಡ್ರೆ ಉಗುರು ಸರಿಹೋಗ್ಬಿಡತ್ತೆ ಅಂದ್ಯಲ್ಲ... ವಿಡಿಯೋ ಆಗೋವರೆಗೆ ನಿಲ್ಸಿ ಆಮೇಲೆ ತಗೊಂಡ್ರೆ ಆಗಲ್ವಾ? ಇಷ್ಟು ದಿನ ಹೇಗೋ ಇದ್ಯಲ್ಲ, ಇನ್ನೊಂದು ತಿಂಗಳು” ಎಂದ.

ಅವನು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾಳೆ ತಿಂಡಿ ಸ್ವಲ್ಪ ಬೇಗ ಆದೀತಾ ಎಂದು ಕೇಳುವ ದನಿಯಲ್ಲೇ ಕೇಳಿದ. ಅವಳು ಗುಳಿಗೆ ಬಾಯಿಗೆ ಹಾಕಿಕೊಂಡು, ಅವನ ಮುಖ ನೋಡುತ್ತಲೇ ನೀರು ಕುಡಿದಳು. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಬಾಯಿಂದ ತೆಗೆಯಲಿಲ್ಲ. ತೆಗೆದರೆ ಏನು ಹೊರಬರುತ್ತದೋ ಎಂದು ಅವಳಿಗೇ ಭಯವಾಗಿತ್ತು.

ಎರಡನೇ ವಿಡಿಯೋ ಆಗಲಿಲ್ಲ. ಮಾಮನಿಗೆ ಕೈ ಉಳುಕಿದೆ ಎಂದು ಅವನು ಬುಗುರಿಯವರಿಗೆ ಹೇಳಿದ. ಅವಳು ಪೆನ್ಸಿಲಿನ ಹುಡುಗಿಗೆ ನೇರವಾಗಿ ಬರೆದಳು. “ಮಗೂ, ನೀನು ನೋಡಿದ್ದು ನನ್ನ ಕೈ, ಮಾಮನದಲ್ಲ. ಗುಳಿ ಇದ್ದದ್ದು ನನ್ನ ಮೈಯಲ್ಲಿ ರಕ್ತ ಕಡಿಮೆಯಿದ್ದುದಕ್ಕೆ. ಉಗುರು ತಿಕ್ಕಬೇಡ, ಸೋಪು ತಾಗಿದರೆ ಬಹಳ ಉರಿಯುತ್ತದೆ. ನಿನಗೆ ಎಷ್ಟು ಮನೆ ಬರುತ್ತದೋ ಅಷ್ಟೇ ಸರಿಯಾದ ಲೆಕ್ಕ.” ಕೆಳಗೆ ತನ್ನ ಪೂರ್ತಿ ಹೆಸರು ಬರೆದಳು. ಶಾಲೆ ಬಿಟ್ಟ ಮೇಲೆ ಅದನ್ನು ಅಷ್ಟು ಉದ್ದಕ್ಕೆ ಬರೆದದ್ದು ಅಪರೂಪ. ಅಕ್ಷರ ಒಂದಕ್ಕೊಂದು ಅಂಟದೆ ದೂರ ದೂರ ನಿಂತವು.

ಮೂರು ವಾರಕ್ಕೆ ಉತ್ತರ ಬಂತು. ಲಕೋಟೆಯ ಮೇಲೆ ಅವಳ ಹೆಸರಿರಲಿಲ್ಲ, ‘ಆಟದ ಮಾಮನಿಗೆ’ ಎಂದಿತ್ತು. ಅದನ್ನು ಅವಳು ಒಡೆಯಲಿಲ್ಲ, ಗಂಡನ ಮುಂದಿಟ್ಟಳು. ರಜೆಯ ದಿನ, ಅವನು ಬೆಳಗಿನ ಚಹಾ ಕುಡಿಯುತ್ತಿದ್ದ. ಅವನು ಓದಿ, ಅವಳ ಕಡೆಗೆ ತಳ್ಳಿದ.

“ಪ್ರೀತಿಯ ಮಾಮ, ನಿಮ್ಮ ವಿಳಾಸದಿಂದ ಯಾರೋ ಒಬ್ಬ ಹೆಂಗಸು ನನಗೆ ಕಾಗದ ಬರೆದಿದ್ದಾರೆ. ವಿಡಿಯೋದಲ್ಲಿರುವುದು ಅವರ ಕೈಯಂತೆ. ನಾನು ನಂಬಲಿಲ್ಲ. ಅಮ್ಮನೂ ನಂಬಲಿಲ್ಲ, ಬೇರೆಯವರ ಹೆಸರು ಹೊಡೆಯುವ ಇಂಥವರು ಬಹಳ ಜನ ಇರುತ್ತಾರೆ ಅಂದಳು. ಹುಷಾರಾಗಿರಿ ಮಾಮ. ಆದರೆ ಉಗುರು ತಿಕ್ಕುವುದು ಬಿಟ್ಟಿದ್ದೇನೆ. ಸೋಪು ತಾಗಿದರೆ ಉರಿಯುತ್ತದೆ ಅಂದದ್ದು ನಿಜ.”

ಅವಳು ಕಾಗದವನ್ನು ಮೇಜಿನ ಮೇಲೆ ಇಟ್ಟು, ಅದರ ಮಡಿಕೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ಸರಿಮಾಡಿದಳು. ಅದು ಪಾತ್ರೆ ತಿಕ್ಕುವ ಕೈಯೆಂದು ಹುಡುಗಿಯ ತಾಯಿಗಾದರೂ ವಿಡಿಯೋ ನೋಡಿದ ಕೂಡಲೇ ಗೊತ್ತಾಗಬೇಕಿತ್ತು. ಅವಳ ಮನೆಯಲ್ಲೂ ಒಂದು ಸಿಂಕ್ ಇರುತ್ತದಲ್ಲ.

“ಏನಂತ ಉತ್ತರ ಬರೀಲಿ?” ಎಂದ ಗಂಡ.

“ನಿಮಗೆ ಬಂದಿರೋ ಕಾಗದ.”

ಅವನು ಕೂತ. ಬರೆದ, ಹರಿದ, ಮತ್ತೆ ಬರೆದ. ಅವಳು ಪಾತ್ರೆ ತೊಳೆಯುವುದು ಮುಗಿಸುವಷ್ಟರಲ್ಲಿ ಅವನದೂ ಮುಗಿದಿತ್ತು. ಯಾವಾಗಿನಂತೆ ಲಕೋಟೆಯನ್ನು ಅಂಟಿಸದೆ ಅವಳಿಗೆ ಕೊಟ್ಟ. ಅಂಟಿಸುವುದು, ಅಂಚೆಚೀಟಿ ಹಚ್ಚುವುದು, ಪೆಟ್ಟಿಗೆಗೆ ಹಾಕುವುದು ಹದಿನಾರು ವರ್ಷದಿಂದ ಅವಳ ಪಾಲಿನದು. ಅವಳು ತೆರೆದು ಓದಿದಳು. “ಪುಟ್ಟಿ, ನೀನು ಬಹಳ ಜಾಣೆ. ಉಗುರು ತಿಕ್ಕುವುದು ಬಿಟ್ಟದ್ದು ಒಳ್ಳೆಯದಾಯಿತು. ಇಂತಿ ನಿನ್ನ ಮಾಮ.”

ಅಷ್ಟೇ. ಹೌದು ಎಂದೂ ಇಲ್ಲ, ಅಲ್ಲ ಎಂದೂ ಇಲ್ಲ.

ಅವಳು ಅದನ್ನು ಮಡಿಸಿ ಲಕೋಟೆಯೊಳಗೆ ಹಾಕಿ, ಚಹಾ ಲೋಟದ ಪಕ್ಕದಲ್ಲಿ ಇಟ್ಟಳು. “ಇದು ನೀವೇ ಹಾಕ್ಬನ್ನಿ,” ಎಂದಳು. “ಅಂಚೆ ಪೆಟ್ಟಿಗೆ ನಮ್ಮ ಬೀದಿ ತುದೀಲೇ ಇದೆ.”

ಗಂಡ ಎದ್ದ. ಚಪ್ಪಲಿ ಮೆಟ್ಟಿಕೊಂಡು, ಲಕೋಟೆ ಹಿಡಿದು ಬಾಗಿಲವರೆಗೆ ಹೋಗಿ ನಿಂತ.

“ಯಾವ ತುದೀಲಿ?” ಎಂದ.